ತೆಗೆದ ಗಂಟು ಹಳದಿ ಚೀಲಕ್ಕೆ ಹೋಗುವ ಮೊದಲು

ಮಾನ್ಯ ಸಂಪಾದಕರೇ,

ಬಾಯಿ ಕ್ಯಾನ್ಸರ್ ತಪಾಸಣಾ ಶಿಬಿರಗಳ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಒಳ್ಳೆಯ ಕೆಲಸವೇ. ಎಲೆ-ಅಡಿಕೆ, ಹೊಗೆಸೊಪ್ಪು ಜಗಿಯುವವರು ತೋಟದ ಕಾರ್ಮಿಕರಿರುವ ನಮ್ಮ ಲೈನ್ ಮನೆಗಳಲ್ಲಿ ಕಡಿಮೆಯೇನಿಲ್ಲ. ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಈಗ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಸಂತೆಯಲ್ಲಿ ಜೊತೆಜೊತೆಗೇ ತೂಗುತ್ತವೆ. ಆದರೆ ಆ ಸುದ್ದಿಗಳನ್ನು ಓದಿದವರ ತಲೆಯಲ್ಲಿ ಉಳಿಯುವುದು ಎರಡೇ ಖಾನೆ. ಕ್ಯಾನ್ಸರ್ ಇದೆ, ಇಲ್ಲವೇ ಕ್ಯಾನ್ಸರ್ ಇಲ್ಲ. ಎರಡನೇ ಖಾನೆಯಲ್ಲಿ ಬಿದ್ದವರು ಏನಾದರು ಎಂದು ಯಾರೂ ಕೇಳುವುದಿಲ್ಲ. ಮೂವತ್ತೊಂದು ವರ್ಷ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ-ಹಾಜರಿ ಬರೆಯುವವನು, ಆಗಿದ್ದ ನನಗೆ ಅಂಥ ಒಬ್ಬ ಹುಡುಗನ ವಿಷಯ ಹೇಳುವುದಿದೆ.

ಅವನಿಗೆ ಆಗ ಹತ್ತೊಂಬತ್ತು. ಮರಗಸಿಯಲ್ಲಿ, ಅಂದರೆ ನೆರಳಿನ ಮರ ಹತ್ತಿ ಕೊಂಬೆ ಕಡಿಯುವುದರಲ್ಲಿ, ಅವನಷ್ಟು ಚುರುಕಿನವರು ತೋಟದಲ್ಲಿ ಇರಲಿಲ್ಲ. ಬಲಗಡೆಯ ಕೆಳದವಡೆ ಕಿವಿಯ ಹತ್ತಿರ ಸ್ವಲ್ಪ ಉಬ್ಬಿತ್ತು. ನೋವಿಲ್ಲ, ಜ್ವರವಿಲ್ಲ. ಮಂಗನಬಾವು ಇರಬೇಕೆಂದು ತಾಯಿ ಲಕ್ಕಿ ಸೊಪ್ಪು ಅರೆದು ಹಚ್ಚಿದಳು. ಆ ವರ್ಷದ ಕೊಯ್ಲು ಮುಗಿಯಿತು, ಮಳೆಗಾಲವೂ ಮುಗಿಯಿತು. ಬಾವು ಇಳಿಯಲಿಲ್ಲ, ಏರಿತು ಎನ್ನುವಷ್ಟು ಏರಲೂ ಇಲ್ಲ. ಕಡೆಗೆ ನಾನೇ ಜೀಪು ಹತ್ತಿಸಿಕೊಂಡು ಪಟ್ಟಣದ ಒಂದು ದಂತ ಚಿಕಿತ್ಸಾಲಯಕ್ಕೆ ಕರೆದೊಯ್ದೆ. ಅಲ್ಲಿ ಇದ್ದದ್ದು ಮೂರ್ನಾಲ್ಕು ಹಲ್ಲು ಮಾತ್ರ ಕಾಣುವ ಚಿಕ್ಕ ಎಕ್ಸ್‌ರೇ. ಹೊರಗೆ ಬಾರದೆ ಒಳಗೇ ಕೂತ ಬುದ್ಧಿಹಲ್ಲಿನ ಸುತ್ತ ನೀರುಗುಳ್ಳೆ ಆಗಿದೆ ಅಂದರು. ಹಲ್ಲು ಕಿತ್ತು, ಗುಳ್ಳೆಯನ್ನು ಕೆರೆದು ತೆಗೆದರು. ಟ್ರೇಯಲ್ಲಿ ಅದನ್ನು ನೋಡಿದೆ. ಹಲಸಿನ ಬೀಜದ ಮೇಲಿನ ಪೊರೆಯ ಹಾಗೆ ಇತ್ತು.

"ಇದನ್ನು ಎಲ್ಲಿಗಾದರೂ ಕಳಿಸಬೇಕಾ ಡಾಕ್ಟ್ರೇ?" ಅಂದೆ.

"ಕ್ಯಾನ್ಸರ್ ಏನಲ್ಲ, ಬಡವರಿಗೆ ಸುಮ್ಮನೆ ಯಾಕೆ ಖರ್ಚು?" ಅಂದರು. ಪೊರೆ ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಹೋಯಿತು. ಆ ವೈದ್ಯರು ಕೆಟ್ಟವರಲ್ಲ, ಅರ್ಧ ಫೀಸು ಬಿಟ್ಟರು. ನಾನೂ ಸಮಾಧಾನದಿಂದ ಜೀಪು ಹತ್ತಿದೆ.

ಎರಡೂವರೆ ವರ್ಷದ ಮೇಲೆ ಬಾವು ಮತ್ತೆ ಬಂತು. ಈ ಸಲ ದವಡೆ ಹಲ್ಲುಗಳೂ ಅಲುಗಾಡುತ್ತಿದ್ದವು. ಮೈಸೂರಿಗೆ ಹೋದಾಗ ಎರಡೂ ದವಡೆ ಪೂರ್ತಿ ಕಾಣುವ ಓಪಿಜಿ ಎಕ್ಸ್‌ರೇ ತೆಗೆದರು. ದವಡೆಯ ಮೂಳೆ ಇರಬೇಕಾದ ಜಾಗದಲ್ಲಿ ಜೇನುಗೂಡಿನಂತೆ ಖಾನೆ ಖಾನೆ. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಬಂದ ಹೆಸರು ಅಮೆಲೊಬ್ಲಾಸ್ಟೋಮಾ.

ನನ್ನ ಅಣ್ಣನ ಮಗಳು ದಂತವೈದ್ಯೆ. ಅವಳು ಬಿಡಿಸಿ ಹೇಳಿದಳು. ಹಲ್ಲು ಹುಟ್ಟುವಾಗ ಅದರ ಹೊಳಪಿನ ಕವಚ ಕಟ್ಟುವ ಅಂಗಾಂಶ ಇರುತ್ತದಲ್ಲ, ಅದರಲ್ಲಿ ಉಳಿದುಹೋದ ಕಣಗಳಿಂದ ಬೆಳೆಯುವ ಗಡ್ಡೆ ಇದು. ಕ್ಯಾನ್ಸರ್ ಅಲ್ಲ. ಶ್ವಾಸಕೋಶಕ್ಕೋ ಲಿವರಿಗೋ ಹರಡುವುದು ತೀರಾ ಅಪರೂಪ. ಆದರೆ ಇದ್ದಲ್ಲೇ ಕೂತು ಮೂಳೆಯನ್ನು ತಿನ್ನುತ್ತದೆ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಸಾದಾ ನೀರುಗುಳ್ಳೆಯ ಹಾಗೆಯೇ ಕಾಣಬಹುದು. ಯಾವುದು ಯಾವುದೆಂದು ಹೇಳುವುದು ಸೂಕ್ಷ್ಮದರ್ಶಕ ಮಾತ್ರ. "ಕೆರೆದು ತೆಗೆದರೆ ಮೂಳೆಯ ಸಂದಿಯಲ್ಲಿ ಉಳಿದದ್ದು ಮತ್ತೆ ಬೆಳೆಯುತ್ತದೆ ಚಿಕ್ಕಪ್ಪ, ಅದಕ್ಕೇ ಸುತ್ತಲಿನ ಒಳ್ಳೆಯ ಮೂಳೆಯನ್ನೂ ಒಂದೆರಡು ಸೆಂಟಿಮೀಟರ್ ಸೇರಿಸಿ ತೆಗೆಯಬೇಕಾಗುತ್ತದೆ" ಅಂದಳು.

ಅರೇಬಿಕಾ ಕಾಫಿ ಬೆಳೆಯುವವರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವಲ್ಲ. ಬಿಳಿ ಕಾಂಡಕೊರಕ ಹುಳು ಹೊಕ್ಕ ಗಿಡ ಮೊದಮೊದಲು ಹಸಿರಾಗಿಯೇ ಇರುತ್ತದೆ. ತೊಗಟೆಯ ಮೇಲೆ ಏಣು ಎದ್ದಿದೆಯಾ ಎಂದು ಕೈಯಾಡಿಸಿ ನೋಡುವವನಿಗೆ ಮಾತ್ರ ಗೊತ್ತಾಗುತ್ತದೆ. ಅಂಥ ಗಿಡಕ್ಕೆ ಯಾರೂ ಮುಲಾಮು ಹಚ್ಚುವುದಿಲ್ಲ, ಬುಡ ಸಮೇತ ಕಿತ್ತು ಸುಡುತ್ತೇವೆ.

ಹುಡುಗನ ಬಲದವಡೆಯ ಬಹುಭಾಗ ಹೋಯಿತು. ಮೊಣಕಾಲಿನ ಕೆಳಗೆ ಎರಡು ಮೂಳೆಗಳಲ್ಲಿ ಸಣ್ಣದನ್ನು ತೆಗೆದು, ದವಡೆಯ ಆಕಾರಕ್ಕೆ ಕತ್ತರಿಸಿ ಜೋಡಿಸಿದರು. ಆ ಮೂಳೆ ಮೈಭಾರ ಹೊರುವುದು ಅಷ್ಟಕ್ಕಷ್ಟೇ, ನಡಿಗೆಗೆ ತೊಂದರೆ ಇಲ್ಲ ಅಂದರು. ನಡಿಗೆಗೆ ಇಲ್ಲ ನಿಜ, ಮರಗಸಿಗೆ ಏಣಿ ಹತ್ತುವುದನ್ನು ಮಾತ್ರ ಅವನು ಬಿಟ್ಟ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ಅದು ಗೊತ್ತಿಲ್ಲದೆ ನಾವು ಎರಡು ಸಲ ಮೈಸೂರಿನಿಂದ ಬರಿಗೈಯಲ್ಲಿ ವಾಪಸು ಬಂದೆವು. ಹೋಗಿ ಬಂದ ದಿನದ ಸಂಬಳ ಹಾಜರಿಯಲ್ಲಿ ಕಡಿತ. ಕಡಿದವನು ನಾನೇ, ಪುಸ್ತಕ ನನ್ನ ಕೈಯಲ್ಲಿತ್ತು.

ಇದನ್ನು ಓದಿ ಬಾಯಲ್ಲಿ ಏನು ಕಂಡರೂ ಎದೆ ಒಡೆದುಕೊಳ್ಳಬೇಡಿ ಎಂದೂ ಹೇಳಬೇಕು. ನನ್ನ ಹೆಂಡತಿಗೆ ಕಟ್ಟುಹಲ್ಲಿನ ಅಳತೆ ತೆಗೆಯುವಾಗ ಬಾಯಿಯ ಅಂಗುಳದ ನಡುವೆ ಕಲ್ಲಿನಂಥ ಗಂಟು ಕಂಡಿತು. ಮೂರು ರಾತ್ರಿ ಆಕೆ ಮಲಗಲಿಲ್ಲ, ನನ್ನನ್ನೂ ಮಲಗಲು ಬಿಡಲಿಲ್ಲ. ಕೊನೆಗೆ ನೋಡಿದರೆ ಅದು ಟೋರಸ್. ಗಡ್ಡೆಯೇ ಅಲ್ಲ, ಮೂಳೆಯದೇ ಉಬ್ಬು. ಹೆಂಗಸರಲ್ಲಿ ಹೆಚ್ಚು. ಕಟ್ಟುಹಲ್ಲು ಕೂರಲು ಅಡ್ಡಿಯಾಗದಿದ್ದರೆ ಅದರ ಪಾಡಿಗೆ ಬಿಡಬಹುದು. ನಾಲಿಗೆಯ ಬುಡದಲ್ಲಿ ಸಾಲಾಗಿ ಇರುವ ದೊಡ್ಡ ಗುಳ್ಳೆಗಳು ರುಚಿಮೊಗ್ಗಿನ ಜಾಗ, ಎಲ್ಲರಿಗೂ ಇವೆ. ಕನ್ನಡಿ ಹಿಡಿದು ನಾಲಿಗೆ ಚಾಚಿದ ದಿನ ಗಾಬರಿ. ಹಸುಗೂಸಿನ ಅಂಗುಳದ ಬಿಳಿ ಮಣಿಗಳು ಕೆಲವು ವಾರದಲ್ಲಿ ತಾವೇ ಮಾಯ, ದಯವಿಟ್ಟು ಅವನ್ನು ಹಲ್ಲೆಂದು ಚುಚ್ಚಬೇಡಿ. ಬಸುರಿಯ ವಸಡಿನಲ್ಲಿ ಏಳುವ, ಮುಟ್ಟಿದರೆ ರಕ್ತ ಬರುವ ಕೆಂಪು ಗಂಟು ಹೆರಿಗೆಯ ನಂತರ ಎಷ್ಟೋ ಸಲ ತಾನಾಗಿ ಕುಗ್ಗುತ್ತದೆ. ಕೆಳದುಟಿಯ ಒಳಗಿನ ನೀಲಿಗುಳ್ಳೆ ಹಲ್ಲು ಕಚ್ಚಿ ಎಂಜಲಿನ ನಾಳ ಹರಿದದ್ದರಿಂದ ಆಗುವುದು. ಒಡೆಯುತ್ತದೆ, ಮತ್ತೆ ತುಂಬುತ್ತದೆ.

ಇವೆಲ್ಲ ನಿರುಪದ್ರವಿ ಎಂದು ನಾನು ಬರೆಯುವುದು ಸುಲಭ. ಇದು ಅದೇನಾ ಎಂದು ಹೇಳಬೇಕಾದವರು ಮಾತ್ರ ವೈದ್ಯರೇ. 2019ರಲ್ಲಿ ಚೆನ್ನೈಯಲ್ಲಿ ಏಳು ವರ್ಷದ ಹುಡುಗನ ದವಡೆಯಿಂದ 526 ಪುಟ್ಟ ಹಲ್ಲುಗಳನ್ನು ತೆಗೆದದ್ದು ಎಲ್ಲ ಪತ್ರಿಕೆಗಳಲ್ಲೂ ಬಂತು, ಎಲ್ಲರೂ ಬಾಯಿಗೆ ಬೆರಳಿಟ್ಟು ಓದಿದರು. ಒಡೊಂಟೋಮಾ ಅನ್ನುತ್ತಾರಂತೆ, ಹಲ್ಲು ಬೆಳೆಯುವಾಗ ಲೆಕ್ಕ ತಪ್ಪಿ ಆಗುವ ಗಂಟು. ನನಗೆ ಆ ಸಂಖ್ಯೆಗಿಂತ ನೆನಪಿರುವುದು ಮಗುವಿಗೆ ಮೂರು ವರ್ಷವಿದ್ದಾಗಲೇ ಮನೆಯವರಿಗೆ ಬಾವು ಕಂಡಿತ್ತು ಎಂಬ ಸಾಲು.

ಆದ್ದರಿಂದ ನಿಮ್ಮ ಮೂಲಕ ಜಿಲ್ಲೆಯ ಆರೋಗ್ಯ ಇಲಾಖೆಗೂ ಶಿಬಿರ ನಡೆಸುವ ಸಂಘಟನೆಗಳಿಗೂ ಕೇಳುವುದು ಇಷ್ಟು. ಶಿಬಿರದಲ್ಲಿ ಟಾರ್ಚ್ ಬಿಟ್ಟು ಬಾಯೊಳಗೆ ನೋಡಿ "ಹೊಗೆಸೊಪ್ಪು ಹಾಕ್ತೀಯಾ?" ಎಂದು ಕೇಳಿದರೆ ಮುಗಿಯಲಿಲ್ಲ. ಎರಡು ಕೈಯಿಂದ ದವಡೆಯ ಎರಡೂ ಬದಿ ಒತ್ತಿ ನೋಡಿ. ನಮ್ಮ ಹುಡುಗ ಎಂದೂ ತಂಬಾಕು ಮುಟ್ಟಿದವನಲ್ಲ, ಅವನನ್ನು ಆ ಪ್ರಶ್ನೆ ಹಿಡಿಯುತ್ತಿರಲಿಲ್ಲ. ಎರಡು ವಾರವಾದರೂ ವಾಸಿಯಾಗದ ಹುಣ್ಣನ್ನು ತೋರಿಸಿ ಎಂದು ಭಿತ್ತಿಪತ್ರದಲ್ಲಿ ಬರೆಯುತ್ತೀರಿ, ಸರಿ. ನೋವಿಲ್ಲದ ಬಾವನ್ನೂ ಅದೇ ಭಿತ್ತಿಪತ್ರದಲ್ಲಿ ಸೇರಿಸಿ. ಅಸ್ಸಾಮಿನಿಂದ ಬಂದ ಕಾರ್ಮಿಕರಿಗೆ ಓದಲು ಬರುವ ಲಿಪಿಯಲ್ಲೂ ಇರಲಿ.

ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜಿದೆ, ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜೂ ಬಂದಿದೆ. ಬಾಯಿಯಿಂದ ತೆಗೆದ ಚೂರನ್ನು ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣದ ಶೀಶೆಯಲ್ಲಿ ಹಾಕಿ ಚೀಟಿ ಅಂಟಿಸಿ ಕಳಿಸಲು ನಮ್ಮ ಜಿಲ್ಲೆಯಿಂದ ಬಹಳ ದೂರ ಹೋಗಬೇಕಾಗಿಲ್ಲ. ಸಣ್ಣ ಚಿಕಿತ್ಸಾಲಯಗಳಿಂದ ವಾರಕ್ಕೊಮ್ಮೆ ಆ ಶೀಶೆಗಳನ್ನು ಒಯ್ಯುವ ಒಂದು ವ್ಯವಸ್ಥೆ, ಬಿಪಿಎಲ್ ಕಾರ್ಡಿನವರಿಗೆ ಆ ಪರೀಕ್ಷೆ ಉಚಿತ. ಇಷ್ಟಾದರೆ "ಬಡವರಿಗೆ ಯಾಕೆ ಖರ್ಚು" ಎಂಬ ಮಾತಿಗೆ ಜಾಗವಿರುವುದಿಲ್ಲ. ರೋಗಿಗಳೂ ಕೇಳಲಿ. ತೆಗೆದದ್ದನ್ನು ಎಲ್ಲಿಗೆ ಕಳಿಸಿದಿರಿ, ರಿಪೋರ್ಟ್ ಯಾವತ್ತು ಬರುತ್ತದೆ? ಆ ದಿನ ನಾನು ಅರ್ಧ ಕೇಳಿ ಸುಮ್ಮನಾದೆ.

ಈ ಗಡ್ಡೆ ಐದು, ಹತ್ತು ವರ್ಷದ ಮೇಲೂ ತಿರುಗಿ ಬರಬಹುದಂತೆ. ಹಾಗಾಗಿ ಅವನು ತಪ್ಪದೆ ಎಕ್ಸ್‌ರೇಗೆ ಹೋಗುತ್ತಾನೆ. ಈಗ ತೋಟದ ಗೋದಾಮಿನಲ್ಲಿ ಕಾಫಿ ತೂಕ ಮಾಡುವ ಕೆಲಸ. ಮುಂದಿನ ತಪಾಸಣೆ ಕೊಯ್ಲು ಮುಗಿದ ಮೇಲೆ, ಆ ದಿನಕ್ಕೆ ಸಾಹುಕಾರರು ಸಂಬಳ ಸಹಿತ ರಜೆ ಕೊಟ್ಟಿದ್ದಾರೆ.

ಇತಿ ತಮ್ಮ ಓದುಗ,
ನಿವೃತ್ತ ತೋಟದ ರೈಟರ್
ಸಿದ್ದಾಪುರ, ಕೊಡಗು