ಉಕ್ರೇನಿನ ದಣಿವಿನ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಪತ್ರದ ಒಂದು ವಾಕ್ಯ ಹಲವು ದಿನಗಳಿಂದ ನನ್ನನ್ನು ಬಿಟ್ಟಿಲ್ಲ. ‘ಉಕ್ರೇನಿನ ವಿಷಯದಲ್ಲಿ ಜಗತ್ತು ದಣಿದಿದೆ, ಇನ್ನೊಬ್ಬರ ಯುದ್ಧಕ್ಕೆ ಯಾರು ತಾನೇ ಎಷ್ಟು ದಿನ ಹೆಗಲು ಕೊಟ್ಟಾರು’ ಎಂದು ಬರೆದಿದ್ದೀಯೆ. ನೀನು ಕಲ್ಲು ಮನಸ್ಸಿನವನಲ್ಲವೆಂದು ನನಗೆ ಗೊತ್ತು. 2022ರ ಫೆಬ್ರವರಿ 24ರಂದು ರಷ್ಯಾದ ಸೇನೆ ಗಡಿ ದಾಟಿದ ಸುದ್ದಿ ಬಂದಾಗ ನನಗೆ ಮೊದಲು ಫೋನ್ ಮಾಡಿದವನು ನೀನೇ. ಆದ್ದರಿಂದಲೇ ಈ ದಣಿವಿನ ಮಾತಿಗೆ ನಾಲ್ಕು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ.

ದಣಿವು ಯಾವುದೆಂದು ಮೊದಲು ಅಲ್ಲಿಯೇ ಹೋಗಿ ನೋಡೋಣ. ರಷ್ಯಾದ ಗಡಿಯಿಂದ ಸುಮಾರು 30 ಕಿಲೋಮೀಟರ್ ದೂರವಿರುವ ಹಾರ್ಕಿವ್ ನಗರದಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಮೆಟ್ರೋ ನಿಲ್ದಾಣಗಳೊಳಗೆ ಶಾಲೆಯ ತರಗತಿಗಳನ್ನು ತೆರೆಯಬೇಕಾಯಿತು, ಏಕೆಂದರೆ ಕ್ಷಿಪಣಿ ಹೊರಟು ಬಂದು ಬೀಳುವಷ್ಟರಲ್ಲಿ ಮಕ್ಕಳನ್ನು ನೆಲಮಾಳಿಗೆಗೆ ಇಳಿಸುವಷ್ಟು ಸಮಯ ಆ ಊರಿಗೆ ಸಿಗುವುದಿಲ್ಲ. ರಾತ್ರಿ ಸೈರನ್ ಕೂಗಿದಾಗ ಆಶ್ರಯತಾಣಕ್ಕೆ ಹೋಗಲಾಗದವರು ‘ಎರಡು ಗೋಡೆಗಳ ನಿಯಮ’ವನ್ನು ಪಾಲಿಸುತ್ತಾರೆ: ಬೀದಿಗೂ ತಮಗೂ ನಡುವೆ ಎರಡು ಗೋಡೆಗಳಿರಬೇಕು, ಮೊದಲನೆಯದು ಸ್ಫೋಟದ ಹೊಡೆತವನ್ನು ತಾಳಿಕೊಳ್ಳಬೇಕು, ಎರಡನೆಯದು ಹಾರಿ ಬರುವ ಚೂರುಗಳನ್ನು ತಡೆಯಬೇಕು. ಹಾಗಾಗಿ ಎಷ್ಟೋ ಮನೆಗಳಲ್ಲಿ ಹಾಸಿಗೆಗಳು ಮಲಗುವ ಕೋಣೆಯನ್ನು ಬಿಟ್ಟು ಕಿಟಕಿಯಿಲ್ಲದ ಕಾರಿಡಾರಿಗೆ ಬಂದಿವೆ. ಸ್ಫೋಟಕ ಹೊತ್ತು ಬರುವ ರಷ್ಯಾದ ಶಾಹೆದ್ ಡ್ರೋನು ಹತ್ತಿರವಾಗುತ್ತಿರುವ ಸದ್ದನ್ನು ಎಷ್ಟು ರಾತ್ರಿ ಕೇಳಿದ್ದಾರೆಂದರೆ, ಜನ ಅದಕ್ಕೆ ‘ಮೊಪೆಡ್’ ಎಂದೇ ಹೆಸರಿಟ್ಟಿದ್ದಾರೆ. ಹೀಗೆ ಬೆಳಗು ಮಾಡಿದವರು ಒಂಬತ್ತು ಗಂಟೆಗೆ ಸತ್ತವರಿಗಾಗಿ ಒಂದು ನಿಮಿಷ ಮೌನವಾಗಿ ನಿಂತು ಕೆಲಸಕ್ಕೆ ಹೋಗುತ್ತಾರೆ. ದಣಿದವರು ಇವರು. ವಾರ್ತೆಯ ವಾಹಿನಿಯನ್ನು ಬದಲಾಯಿಸುವ ನಮ್ಮ ಬೇಸರಕ್ಕೂ ಅದೇ ಪದವನ್ನು ಬಳಸುವುದು ನನಗೆ ಸರಿಯೆನಿಸುವುದಿಲ್ಲ.

ಹೊರಗಿನ ನೆರವು ಕುಗ್ಗಿದಾಗ ಅಲ್ಲಿ ಏನಾಗುತ್ತದೆ ಎಂಬುದಕ್ಕೆ ಪೂರ್ವ ಉಕ್ರೇನಿನ ಅವ್ದಿಯೀವ್ಕಾ ಪಟ್ಟಣವನ್ನು ನೆನಪಿಸಿಕೋ. 2023ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಬೈಡನ್ ಹೊಸ ನೆರವಿಗಾಗಿ ಸಂಸತ್ತನ್ನು ಕೇಳಿದರು. ಆ ಮಸೂದೆ ಅಲ್ಲಿಯ ಗಡಿ, ವಲಸೆಯ ಜಗಳಗಳಲ್ಲಿ ಸಿಕ್ಕಿಕೊಂಡು ತಿಂಗಳುಗಟ್ಟಲೆ ಕೊಳೆಯಿತು. ಅಷ್ಟರಲ್ಲಿ ರಣರಂಗದಲ್ಲಿ ಫಿರಂಗಿಗಳಿಗೆ ಶೆಲ್‌ಗಳನ್ನು ಎಣಿಸಿ ಕೊಡುವ ಸ್ಥಿತಿ ಬಂತು. ಉಕ್ರೇನಿನವರು ಅದನ್ನು ‘ಶೆಲ್ಲಿನ ಹಸಿವು’ ಎಂದು ಕರೆದರು. 2024ರ ಫೆಬ್ರವರಿ 17ರಂದು ಅವ್ದಿಯೀವ್ಕಾದಿಂದ ಉಕ್ರೇನಿನ ಸೇನೆ ಹಿಂದೆ ಸರಿದದ್ದನ್ನು ಘೋಷಿಸಲಾಯಿತು. ಅಮೆರಿಕದ ಪ್ರತಿನಿಧಿ ಸಭೆ ಮಸೂದೆಯನ್ನು 311-112 ಮತಗಳಿಂದ ಒಪ್ಪಿದ್ದು ಏಪ್ರಿಲ್ 20ರಂದು. ಸುಮಾರು 6,100 ಕೋಟಿ ಡಾಲರ್‌ನ ಆ ನೆರವು ಅಂಗೀಕಾರವಾದಾಗ ಕೆಲವು ಸದಸ್ಯರು ಸದನದಲ್ಲಿಯೇ ಉಕ್ರೇನಿನ ನೀಲಿ-ಹಳದಿ ಧ್ವಜಗಳನ್ನು ಬೀಸಿದರು, ಅದಕ್ಕೆ ಇನ್ನು ಕೆಲವರು ಸಿಟ್ಟಾದರು. ಆ ಮೊತ್ತದ ದೊಡ್ಡ ಪಾಲು ಅಮೆರಿಕದ್ದೇ ಶಸ್ತ್ರಾಸ್ತ್ರ ಕಾರ್ಖಾನೆಗಳಿಗೆ ಹೋಗುವಂಥದ್ದಾಗಿತ್ತು. ‘ನಮ್ಮ ದುಡ್ಡನ್ನು ಕಟ್ಟಿ ಕೊಟ್ಟು ಕಳಿಸುತ್ತಿದ್ದೇವೆ’ ಎಂಬ ಭಾವನೆ ಅಲ್ಲಿಯ ಮತದಾರರಲ್ಲಿ ಬಲವಾಗಿ ಬೇರೂರಿದ್ದನ್ನು ನೋಡಿದರೆ ಈ ಸಂಗತಿಯನ್ನು ಅವರಿಗೆ ಯಾರೂ ಸರಿಯಾಗಿ ತಿಳಿಹೇಳಲಿಲ್ಲವೆಂದೇ ನನಗನಿಸುತ್ತದೆ.

ಆ ಭಾವನೆ ಎಷ್ಟು ಬೇಗ ಬೆಳೆಯಿತೆಂಬುದನ್ನು ಅಮೆರಿಕದಲ್ಲಿ ಜನಾಭಿಪ್ರಾಯ ಅಳೆಯುವ ಪ್ಯೂ ಸಂಸ್ಥೆಯ ಸಮೀಕ್ಷೆಗಳು ತೋರಿಸುತ್ತವೆ. ‘ಉಕ್ರೇನಿಗೆ ಅತಿಯಾಗಿ ಕೊಡುತ್ತಿದ್ದೇವೆ’ ಎಂದ ರಿಪಬ್ಲಿಕನ್ ಬೆಂಬಲಿಗರು 2022ರ ಮಾರ್ಚ್‌ನಲ್ಲಿ ಶೇ. 9ರಷ್ಟಿದ್ದರು, 2023ರ ಡಿಸೆಂಬರ್‌ನಲ್ಲಿ ಶೇ. 48ರಷ್ಟಾದರು. ಈ ಬದಲಾವಣೆಗೆ ದಣಿವಿಗಿಂತ ಹೆಚ್ಚಾಗಿ ನಾಯಕರ ಮಾತು ಕಾರಣವೆಂಬುದು ನನ್ನ ತಿಳಿವಳಿಕೆ. ದಣಿವೇ ಕಾರಣವಾಗಿದ್ದರೆ ಎರಡೂ ಪಕ್ಷಗಳ ಬೆಂಬಲಿಗರು ಒಂದೇ ಪ್ರಮಾಣದಲ್ಲಿ ದಣಿಯಬೇಕಿತ್ತು, ಹಾಗಾಗಲಿಲ್ಲ.

2025ರ ಫೆಬ್ರವರಿ 28ರಂದು ಶ್ವೇತಭವನದಲ್ಲಿ ನಡೆದದ್ದನ್ನು ನಾವಿಬ್ಬರೂ ನೋಡಿದ್ದೇವೆ. ಒಮ್ಮೆಯಾದರೂ ಕೃತಜ್ಞತೆ ಹೇಳಿದಿರಾ ಎಂದು ಅಮೆರಿಕದ ಉಪಾಧ್ಯಕ್ಷ ವ್ಯಾನ್ಸ್ ಉಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿ ಅವರನ್ನು ಕೇಳಿದರು, ನಿಮ್ಮ ಕೈಯಲ್ಲಿ ಇಸ್ಪೀಟಿನ ಎಲೆಗಳಿಲ್ಲ ಎಂದು ಅಧ್ಯಕ್ಷ ಟ್ರಂಪ್ ಹೇಳಿದರು, ನಾನು ಇಸ್ಪೀಟು ಆಡುತ್ತಿಲ್ಲ ಎಂದು ಝೆಲೆನ್‌ಸ್ಕಿ ಉತ್ತರಿಸಿದರು. ನನ್ನ ಕಣ್ಣು ನಿಂತದ್ದು ಮಾತ್ರ ಕೋಣೆಯ ಬದಿಯಲ್ಲಿ ಕುಳಿತಿದ್ದ ಉಕ್ರೇನಿನ ರಾಯಭಾರಿ ಒಕ್ಸಾನಾ ಮಾರ್ಕರೋವಾ ಅವರ ಮೇಲೆ. ಅವರು ಕೈಯಿಂದ ಮುಖ ಮುಚ್ಚಿಕೊಂಡಿದ್ದರು. ವರ್ಷಗಟ್ಟಲೆ ಒಂದೊಂದೇ ಕಚೇರಿಯ ಬಾಗಿಲು ತಟ್ಟಿ ಕಟ್ಟಿದ್ದು ಕಣ್ಣೆದುರೇ ಕುಸಿಯುವಾಗ ಮನುಷ್ಯರು ಹಾಗೆಯೇ ಕುಳಿತುಕೊಳ್ಳುತ್ತಾರೆ. ಕೆಲವೇ ದಿನಗಳಲ್ಲಿ ಅಮೆರಿಕ ಶಸ್ತ್ರಾಸ್ತ್ರಗಳ ರವಾನೆಯನ್ನೂ ಗುಪ್ತಚರ ಮಾಹಿತಿಯನ್ನೂ ನಿಲ್ಲಿಸಿತು, ಮಾರ್ಚ್ 11ರಂದು ಸೌದಿ ಅರೇಬಿಯಾದ ಜೆಡ್ಡಾದಲ್ಲಿ ನಡೆದ ಮಾತುಕತೆಯ ನಂತರ ಮತ್ತೆ ಆರಂಭಿಸಿತು. ಅವಧಿ ಚಿಕ್ಕದು, ನಿಜ. ಆದರೆ ಶತ್ರುವಿನ ವಿಮಾನ ಎಲ್ಲಿಂದ ಏಳುತ್ತಿದೆ ಎಂಬ ಮಾಹಿತಿಯ ಮೇಲೆ ಪ್ರಾಣ ನಿಂತಿರುವವನಿಗೆ ಒಂದು ವಾರ ಎಷ್ಟು ದೀರ್ಘವೆಂದು ಯೋಚಿಸು.

ಇದಕ್ಕೆ ಜನ ಹೇಗೆ ಪ್ರತಿಕ್ರಿಯಿಸಿದರೆಂಬುದು ಸರ್ಕಾರಗಳ ಹೇಳಿಕೆಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು. ಶ್ವೇತಭವನದ ಆ ಘಟನೆಯ ಮರುದಿನವೇ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ, ಸ್ಕೀಯಿಂಗ್‌ಗೆ ಬಂದಿದ್ದ ಉಪಾಧ್ಯಕ್ಷರ ಹಾದಿಯುದ್ದಕ್ಕೂ ಅಲ್ಲಿಯ ಅಮೆರಿಕನ್ನರೇ ಉಕ್ರೇನಿನ ಧ್ವಜ ಹಿಡಿದು ನಿಂತರು. ಲಂಡನ್ನಿನಲ್ಲಿ ಪ್ರಧಾನಿಯ ನಿವಾಸದ ಬಳಿ ಸೇರಿದ್ದ ಜನ ಝೆಲೆನ್‌ಸ್ಕಿ ಅವರನ್ನು ಕೂಗಿ ಸ್ವಾಗತಿಸಿದರು. ಪೋಲಂಡಿನ ಮಾಜಿ ಅಧ್ಯಕ್ಷ ಲೆಖ್ ವಲೆಂಸಾ ಹಿಂದಿನ ರಾಜಕೀಯ ಕೈದಿಗಳೊಂದಿಗೆ ಸೇರಿ ಟ್ರಂಪ್ ಅವರಿಗೆ ಪತ್ರ ಬರೆದು, ಆ ಕೋಣೆಯ ವಾತಾವರಣ ಕಮ್ಯುನಿಸ್ಟ್ ಆಡಳಿತದ ವಿಚಾರಣೆಗಳನ್ನು ನೆನಪಿಸಿತು ಎಂದರು. ಉಕ್ರೇನಿನೊಳಗೆ ಕೀವ್‌ನ ಅಂತರರಾಷ್ಟ್ರೀಯ ಸಮಾಜಶಾಸ್ತ್ರ ಸಂಸ್ಥೆಯ ಸಮೀಕ್ಷೆಯಲ್ಲಿ, ಫೆಬ್ರವರಿಯಲ್ಲಿ ಶೇ. 57ರಷ್ಟಿದ್ದ ಅಧ್ಯಕ್ಷರ ಮೇಲಿನ ನಂಬಿಕೆ ಮಾರ್ಚ್‌ನಲ್ಲಿ ಶೇ. 67ರ ಆಸುಪಾಸಿಗೆ ಏರಿತು.

ಇದು ಕುರುಡು ಭಕ್ತಿಯಲ್ಲ ಎಂಬುದಕ್ಕೆ ಅದೇ ವರ್ಷದ ಜುಲೈ ಸಾಕ್ಷಿ. ಭ್ರಷ್ಟಾಚಾರವನ್ನು ತನಿಖೆ ಮಾಡುವ ಎರಡು ಸಂಸ್ಥೆಗಳ ಸ್ವಾತಂತ್ರ್ಯವನ್ನು ಕಸಿಯುವ ಕಾಯ್ದೆಗೆ ಜುಲೈ 22ರಂದು ಅದೇ ಅಧ್ಯಕ್ಷರು ಸಹಿ ಹಾಕಿದಾಗ, ಯುದ್ಧದ ನಡುವೆಯೂ ಸಾವಿರಾರು ಜನ, ಹೆಚ್ಚಿನವರು ಎಳೆಯರು, ರಟ್ಟಿನ ತುಂಡುಗಳ ಮೇಲೆ ಕೈಯಿಂದ ಬರೆದ ಘೋಷಣೆಗಳನ್ನು ಹಿಡಿದು ಕೀವ್ ಮತ್ತಿತರ ನಗರಗಳ ಬೀದಿಗಿಳಿದರು. ಯುರೋಪಿನ ಒಕ್ಕೂಟವೂ ಎಚ್ಚರಿಸಿತ್ತು. ಜುಲೈ 31ರಂದು ಸಂಸತ್ತು ಆ ಸ್ವಾತಂತ್ರ್ಯವನ್ನು ಮರಳಿ ಕೊಟ್ಟಿತು. ಹೊರಗಿನವರ ದುಡ್ಡು ಅಲ್ಲಿ ಎಲ್ಲಿಗೆ ಹೋಗುತ್ತದೋ ಎಂದು ನೀನು ಅನುಮಾನಿಸಿದ್ದೆಯಲ್ಲ, ಆ ಅನುಮಾನ ನಿನಗಿಂತ ಮೊದಲು ಅವರಿಗೇ ಇದೆ, ಮತ್ತು ಸೈರನ್ನಿನ ಭಯದ ನಡುವೆಯೂ ಅದಕ್ಕಾಗಿ ಅವರು ಬೀದಿಯಲ್ಲಿ ನಿಂತಿದ್ದಾರೆ.

‘ಅವರೇ ಸಂಧಾನ ಬಯಸುತ್ತಿದ್ದಾರೆ’ ಎಂಬ ನಿನ್ನ ಮಾತು ಅರ್ಧ ಸರಿ. ಗ್ಯಾಲಪ್ ಸಮೀಕ್ಷೆಯ ಪ್ರಕಾರ 2022ರಲ್ಲಿ ಗೆಲ್ಲುವವರೆಗೂ ಹೋರಾಡಬೇಕೆಂದವರು ಶೇ. 73, 2025ರ ಜುಲೈಯಲ್ಲಿ ಶೇ. 24, ಆದಷ್ಟು ಬೇಗ ಮಾತುಕತೆಯಿಂದ ಮುಗಿಸಬೇಕೆಂದವರು ಶೇ. 69. ಆದರೆ ಅದೇ ವರ್ಷ ಕೀವ್‌ನ ಸಮೀಕ್ಷೆಗಳಲ್ಲಿ ನೆಲವನ್ನು ಬಿಟ್ಟುಕೊಡುವುದಕ್ಕೆ ಒಪ್ಪದವರೇ ಅರ್ಧಕ್ಕಿಂತ ಹೆಚ್ಚು ಮಂದಿ. ಯುದ್ಧ ನಿಲ್ಲಲಿ ಎನ್ನುವವನು ‘ನನ್ನ ಮನೆಯನ್ನು ಅವರಿಗೆ ಬರೆದುಕೊಡಿ’ ಎನ್ನುತ್ತಿಲ್ಲ. ಬರಿಯ ಕಾಗದದ ಭರವಸೆಯನ್ನು ಅವರು ಏಕೆ ನಂಬುವುದಿಲ್ಲವೆಂಬುದಕ್ಕೆ 1994ರ ಡಿಸೆಂಬರ್ 5ರ ಬುಡಾಪೆಸ್ಟ್ ಒಪ್ಪಂದವೊಂದೇ ಸಾಕು: ಉಕ್ರೇನು ತನ್ನ ನೆಲದಲ್ಲಿದ್ದ ಅಣ್ವಸ್ತ್ರಗಳನ್ನೆಲ್ಲ ಬಿಟ್ಟುಕೊಡಲು ಒಪ್ಪಿತು, ಅದರ ಗಡಿಗಳನ್ನು ಗೌರವಿಸುವುದಾಗಿ ರಷ್ಯಾ, ಅಮೆರಿಕ, ಬ್ರಿಟನ್ ಮೂರೂ ಸಹಿ ಹಾಕಿದವು.

ಪೋಲಂಡಿನ ವಿಷಯ ಮಾತ್ರ ನನಗೆ ಸುಲಭವಾಗಿ ಬಿಡಿಸಲಾಗುತ್ತಿಲ್ಲ. 2022ರ ಮಾರ್ಚ್‌ನಲ್ಲಿ ಗಡಿಯ ಶೆಮಿಶೆಲ್ ರೈಲು ನಿಲ್ದಾಣದಲ್ಲಿ, ಮಕ್ಕಳನ್ನು ಎತ್ತಿಕೊಂಡು ಬರುವ ಉಕ್ರೇನಿನ ತಾಯಂದಿರಿಗಾಗಿ ಯಾರೋ ತಮ್ಮ ಮಕ್ಕಳ ತಳ್ಳುಗಾಡಿಗಳನ್ನು ಪ್ಲಾಟ್‌ಫಾರ್ಮಿನ ಮೇಲೆ ಸಾಲಾಗಿ ಬಿಟ್ಟುಹೋಗಿದ್ದ ಚಿತ್ರ ನಿನಗೂ ನೆನಪಿರಬೇಕು. ಅದೇ ಗಡಿಯಲ್ಲಿ 2023ರ ನವೆಂಬರ್‌ನಿಂದ ಪೋಲಂಡಿನ ಲಾರಿ ಚಾಲಕರು ರಸ್ತೆ ತಡೆದರು, 2024ರ ಫೆಬ್ರವರಿಯಲ್ಲಿ ರೈತರು ರೈಲಿನಿಂದ ಉಕ್ರೇನಿನ ಧಾನ್ಯವನ್ನು ಹಳಿಯ ಮೇಲೆ ಸುರಿದರು. ಬಿತ್ತಿ ಬೆಳೆದವರೇ ಧಾನ್ಯವನ್ನು ಮಣ್ಣುಪಾಲು ಮಾಡಿದ್ದು ನೋಡಲು ಕಷ್ಟವಾಯಿತು. ಆದರೂ ಅವರನ್ನು ಕೆಟ್ಟವರೆನ್ನಲು ನನಗೆ ಬಾಯಿ ಬರುವುದಿಲ್ಲ; ಸುಂಕವಿಲ್ಲದೆ ಬಂದ ಧಾನ್ಯದಿಂದ ತಮ್ಮ ಬೆಳೆಯ ಬೆಲೆ ಬಿತ್ತು ಎಂಬ ಅವರ ಅಳಲಿನಲ್ಲಿ ಹುರುಳಿತ್ತು, ಉಕ್ರೇನಿನ ರಾಷ್ಟ್ರವಾದಿಗಳು ಪೋಲಿಷ್ ಜನರನ್ನು ಕೊಂದ 1943ರ ವೊಲಿನಿಯಾ ಹತ್ಯಾಕಾಂಡದ ಗಾಯವೂ ಇನ್ನೂ ಮಾಗಿರಲಿಲ್ಲ. ಸರ್ಕಾರಗಳು ನೆರವಿನ ಹೊರೆಯನ್ನು ಸಮನಾಗಿ ಹಂಚದೆ ಗಡಿಯ ರೈತನ ತಲೆಯ ಮೇಲೆ ಬಿಟ್ಟರೆ, ಅವನ ಸಿಟ್ಟು ಕೈಗೆಟುಕುವ ನೆರೆಯವನ ಮೇಲೆಯೇ ತಿರುಗುತ್ತದೆ. ಇಷ್ಟಾದರೂ ಉಕ್ರೇನಿಗೆ ಹೋಗುವ ಶಸ್ತ್ರಾಸ್ತ್ರಗಳ ಬಹುಪಾಲು ದಾಟುವುದು ಆ ದೇಶದ ಜೆಶೂಫ್ ನಗರದ ಮೂಲಕವೇ.

ಜನಸಂಖ್ಯೆ 30 ಲಕ್ಷವನ್ನೂ ಮುಟ್ಟದ ಲಿಥುವೇನಿಯಾ 2022ರ ಮೇ ತಿಂಗಳಲ್ಲಿ, ನಾಲ್ಕು ದಿನ ತುಂಬುವ ಮೊದಲೇ, ಉಕ್ರೇನಿಗೆ ಒಂದು ಬೈರಕ್ತಾರ್ ಯುದ್ಧ ಡ್ರೋನ್ ಕೊಡಿಸಲು ಜನರ ದೇಣಿಗೆಯಿಂದ ಸುಮಾರು 50 ಲಕ್ಷ ಯೂರೋ ಕೂಡಿಸಿತು; ಟರ್ಕಿಯ ತಯಾರಕರು ದುಡ್ಡು ಪಡೆಯದೆ ಡ್ರೋನ್ ಕೊಟ್ಟರು. ಉಕ್ರೇನಿನವರ ಫೋನುಗಳಲ್ಲಿ ಇಂದಿಗೂ ‘ಬಾಂಕಾ’ ಎಂಬ ದೇಣಿಗೆಯ ಡಬ್ಬಿಗಳಿವೆ. ಆ ಪದಕ್ಕೆ ಗಾಜಿನ ಭರಣಿ ಎಂದರ್ಥ. ಯಾವುದೋ ತುಕಡಿಗೆ ಡ್ರೋನ್ ಬೇಕು, ಗಾಯಾಳುಗಳನ್ನು ಸಾಗಿಸಲು ವಾಹನ ಬೇಕು ಎಂದು ಒಬ್ಬ ಸೈನಿಕನೋ ಅವನ ಗೆಳತಿಯೋ ಭರಣಿ ಇಟ್ಟರೆ, ಪರಿಚಯವಿಲ್ಲದವರೂ ಸಂಬಳದಿಂದ ಅಷ್ಟಿಷ್ಟು ಹಾಕುತ್ತಾರೆ. ಪರದೇಶಗಳ ರಾಜಧಾನಿಗಳಲ್ಲಿ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಕಾಯುತ್ತ ಕೂರದೆ ಅವರು ಮಾಡಿಕೊಂಡಿರುವ ಏರ್ಪಾಡು ಇದು.

ಪೋಲಂಡಿನ ರೈತರ ಬಗ್ಗೆ ನೀನು ನನಗಿಂತ ಹೆಚ್ಚು ಓದಿಕೊಂಡಿದ್ದೀಯೆ. ನಾನು ಎಲ್ಲಿಯಾದರೂ ತಪ್ಪಿದ್ದರೆ ಸಂಕೋಚವಿಲ್ಲದೆ ತಿದ್ದಿ ಬರೆ.

ನಿನ್ನ ಉತ್ತರಕ್ಕೆ ಕಾದಿರುವ,
ನಿನ್ನ ಗೆಳೆಯ