ಪಿಎಚ್‌ಡಿ ಮುಗೀತು, ಥ್ಯಾಂಕ್ಸ್ ಹೇಳೋದು ಬಾಕಿ ಇತ್ತು

ಕಳೆದ ವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ವಿಷಯ, ಕಿಡ್ನಿ ಹೊರಹಾಕುವ ಕ್ರಿಯಾಟಿನಿನ್ ಎಂಬ ತ್ಯಾಜ್ಯವನ್ನು ರಕ್ತದಲ್ಲಿ ಅಳೆಯುವ ಬಯೋಸೆನ್ಸರ್. ಕಿಡ್ನಿ ಹೇಗಿದೆ ಎಂದು ತಿಳಿಯಲು ಡಾಕ್ಟರು ಬರೆದುಕೊಡುವ ರಕ್ತಪರೀಕ್ಷೆ ಇದೆಯಲ್ಲ, ಅದೇ. ಶುಗರ್ ನೋಡಲು ಮನೆಯಲ್ಲೇ ಸ್ಟ್ರಿಪ್ ಇದೆ, ಇದಕ್ಕೂ ಒಂದು ಇರಲಿ ಎಂದು ಹೊರಟೆವು.

ಹೊರಟ ಮೇಲೆ ಗೊತ್ತಾಯಿತು ಕಷ್ಟ. ಶುಗರ್ ಸ್ಟ್ರಿಪ್ಪಿಗೆ ಒಂದು ಕಿಣ್ವ (ಎನ್‌ಜೈಮ್) ಸಾಕು. ನಮಗೆ ಮೂರು ಬೇಕು. ಮೊದಲನೆಯದು ಕ್ರಿಯಾಟಿನಿನನ್ನು ಕ್ರಿಯಾಟಿನ್ ಮಾಡುತ್ತದೆ, ಎರಡನೆಯದು ಅದನ್ನು ಸಾರ್ಕೋಸಿನ್ ಮಾಡುತ್ತದೆ, ಮೂರನೆಯದು ಸಾರ್ಕೋಸಿನ್ ಒಡೆದಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಅದು ಎಲೆಕ್ಟ್ರೋಡ್ ಮೇಲೆ ಕೊಡುವ ಕರೆಂಟನ್ನು ನಾವು ಅಳೆಯುತ್ತೇವೆ. ಬರಿಹೊಟ್ಟೆಯಲ್ಲಿ ಒಂದು ಡೆಸಿಲೀಟರ್ ರಕ್ತದಲ್ಲಿ 70ರಿಂದ 100 ಮಿಲಿಗ್ರಾಂ ಗ್ಲೂಕೋಸ್ ಇದ್ದರೆ, ಕ್ರಿಯಾಟಿನಿನ್ ಇರುವುದು 1 ಮಿಲಿಗ್ರಾಂ ಆಸುಪಾಸು. ಸಾಲದ್ದಕ್ಕೆ ವಿಟಮಿನ್ ಸಿ, ಯೂರಿಕ್ ಆಸಿಡ್, ನುಂಗಿದ ಪ್ಯಾರಾಸಿಟಮಾಲ್ ಎಲ್ಲವೂ ಅದೇ ಎಲೆಕ್ಟ್ರೋಡಿಗೆ ಬಂದು ಕರೆಂಟ್ ಕೊಡುತ್ತವೆ!

ಮೊದಲ ಥ್ಯಾಂಕ್ಸ್ ಗೈಡ್ ಮೇಡಂಗೆ. ಬಫರ್‌ನಲ್ಲಿ, ಅಂದರೆ ಲ್ಯಾಬಿನಲ್ಲಿ ಮಾಡಿಕೊಂಡ ಶುದ್ಧ ದ್ರಾವಣದಲ್ಲಿ, ಚಂದದ ಗ್ರಾಫ್ ಬಂದಾಗ ಪೇಪರ್ ಬರೆಯಲು ಬಿಡಲಿಲ್ಲ. "ಬಫರ್‌ನಲ್ಲಿ ಎಲ್ಲರದ್ದೂ ಓಡುತ್ತೆ, ರಕ್ತದಲ್ಲಿ ಓಡಿಸಿ ತೋರಿಸು" ಎಂದರು. ಆಗ ಸಿಟ್ಟು ಬಂದಿತ್ತು, ನಿಜ. ರಕ್ತದಲ್ಲಿ ಮೊದಲೇ ಇರುವ ಕ್ರಿಯಾಟಿನ್ ಕೂಡ ಲೆಕ್ಕಕ್ಕೆ ಸೇರಿಬಿಡುತ್ತದೆ ಎಂಬುದು ಆಮೇಲಷ್ಟೇ ಕಣ್ಣಿಗೆ ಬಿತ್ತು. ಪಕ್ಕದಲ್ಲಿ ಮೊದಲ ಕಿಣ್ವ ಇಲ್ಲದ ಇನ್ನೊಂದು ಎಲೆಕ್ಟ್ರೋಡ್ ಇಟ್ಟು ಅದರ ರೀಡಿಂಗ್ ಕಳೆಯುವ ಉಪಾಯ ಕೊಟ್ಟ ಸೀನಿಯರ್‌ಗೂ ಥ್ಯಾಂಕ್ಸ್.

ಚಿಕ್ಕಪೇಟೆಯಲ್ಲಿ ಮದುವೆ ಕಾರ್ಡ್ ಪ್ರಿಂಟ್ ಮಾಡುವ ಅಣ್ಣನ ಹೆಸರು ಯಾವ ಪೇಪರಿನಲ್ಲೂ ಬರುವುದಿಲ್ಲ, ಆದರೆ ಎಲೆಕ್ಟ್ರೋಡ್ ಪ್ರಿಂಟ್ ಮಾಡಲು ಕಲಿಸಿದ್ದು ಅವರು. ನಮ್ಮದೂ ಸ್ಕ್ರೀನ್ ಪ್ರಿಂಟಿಂಗೇ, ಇಂಕ್ ಮಾತ್ರ ಕಾರ್ಬನ್‌ದು. ನನ್ನ ಕೈ ಹಿಡಿದು ಸ್ಕ್ವೀಜಿ (ಇಂಕ್ ಒತ್ತಿ ಎಳೆಯುವ ಪಟ್ಟಿ) ಎಳೆಸಿದರು. "ಒತ್ತೋದು ಒಂದೇ ಸಮ ಇರ್ಲಿ, ಮಧ್ಯ ನಿಲ್ಲಿಸ್ಬೇಡಿ." ಅಲ್ಲಿಯವರೆಗೆ ಒಂದು ಸ್ಟ್ರಿಪ್ಪಿನಂತೆ ಇನ್ನೊಂದು ಇರುತ್ತಿರಲಿಲ್ಲ. ದುಡ್ಡು ಕೊಡಲು ಹೋದರೆ ಕಾಫಿ ತರಿಸಿದರು.

ಆಸ್ಪತ್ರೆ ಲ್ಯಾಬಿನ ಅಕ್ಕನಿಗೆ ಎಷ್ಟು ಹೇಳಿದರೂ ಕಮ್ಮಿ. ಪರೀಕ್ಷೆ ಮುಗಿದು ಉಳಿದ ಸ್ಯಾಂಪಲ್‌ಗಳನ್ನು ಎಥಿಕ್ಸ್ ಕಮಿಟಿ ಒಪ್ಪಿಗೆಯ ಮೇಲೆ ನಮಗೆ ಕೊಡುತ್ತಿದ್ದರು. ಅವರ ಮೆಷಿನ್ ಬಳಸುವುದು ಕ್ರಿಯಾಟಿನಿನ್ ಪಿಕ್ರಿಕ್ ಆಸಿಡ್ ಜೊತೆ ಸೇರಿ ಬಣ್ಣ ಕೊಡುತ್ತದೆ ಎಂದು ಯಾಫೆ ಎಂಬ ವಿಜ್ಞಾನಿ 1886ರಲ್ಲಿ ಕಂಡುಹಿಡಿದದ್ದರ ಮೇಲೆ ನಿಂತ ವಿಧಾನ. ಜಾಂಡೀಸ್ ಇದ್ದರೆ ಅದರಲ್ಲಿ ರೀಡಿಂಗ್ ಕಮ್ಮಿ ತೋರಿಸಬಹುದು. ನನ್ನ ಸೆನ್ಸರ್ ಮತ್ತು ಅವರ ಮೆಷಿನ್ ತಾಳೆಯಾಗದೆ ತಲೆ ಕೆಟ್ಟಿದ್ದಾಗ ಟ್ಯೂಬ್ ಬೆಳಕಿಗೆ ಹಿಡಿದು, "ಈ ಹಳದಿ ನೋಡು, ಇಂಥದ್ರಲ್ಲಿ ನಮ್ಮ ರೀಡಿಂಗನ್ನೂ ಪೂರ್ತಿ ನಂಬ್ಬೇಡ" ಎಂದರು. ತಮ್ಮ ಮೆಷಿನ್ ಬಗ್ಗೆ ಹಾಗೆ ಹೇಳುವವರು ಎಷ್ಟು ಜನ ಸಿಗುತ್ತಾರೆ?

ಸಹಿ ಹಾಕಿ ರಕ್ತ ಕೊಟ್ಟ ಡಯಾಲಿಸಿಸ್ ವಾರ್ಡಿನವರಿಗೆ ದೊಡ್ಡ ನಮಸ್ಕಾರ. ನಮಗೆ ತಲುಪಿದ್ದು ನಿಮ್ಮ ಕೋಡ್ ನಂಬರ್ ಮಾತ್ರ. ಫೆಲೋಶಿಪ್ ತಡವಾದಾಗ ಸಾಲ ಬರೆದುಕೊಂಡ ದರ್ಶಿನಿಯವರಿಗೆ, "ಇನ್ನೂ ಓದ್ತಾನೇ ಇದೆಯಾ" ಎಂದ ನೆಂಟರಿಗೆಲ್ಲ ನನ್ನ ಪರವಾಗಿ ಉತ್ತರ ಕೊಟ್ಟ ಅಮ್ಮನಿಗೂ.

ಸ್ಟ್ರಿಪ್ ಅಂಗಡಿಗೆ ಬರಲು ಇನ್ನೂ ದೂರ ಇದೆ. ಮೂರೂ ಕಿಣ್ವ ಫ್ರಿಡ್ಜಿನ ಹೊರಗೆ ತಿಂಗಳುಗಟ್ಟಲೆ ಕೆಡದೆ ಉಳಿಯಬೇಕು, ಅದು ನನ್ನಿಂದ ಆಗಲಿಲ್ಲ. ಜೂನಿಯರ್‌ಗಳೇ, ನೋಟ್‌ಬುಕ್ಕುಗಳು ಕಪಾಟಿನಲ್ಲಿವೆ. ಅಕ್ಷರ ಅರ್ಥವಾಗದಿದ್ದರೆ ಫೋನ್ ಮಾಡಿ.