ಪುಟ್ಟಿಗೆ ಪತ್ರ: ಕಣ್ಣು, ಕಿವಿ, ಕೈಕಾಲಿನ ವಿಚಾರ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಬರೆದ ಪಟ್ಟಿ ಕೈಸೇರಿತು. ಕಬ್ಬಿಣದ ಕೆಲಸ ಕಲಿಯುತ್ತಿದ್ದೀಯ, ರಜೆಯ ದಿನ ಶೂಟಿಂಗ್ ರೇಂಜಿಗೂ ಹೋಗುತ್ತಿದ್ದೀಯ ಅಂತ ಓದಿ ತುಂಬಾ ಸಂತೋಷವಾಯಿತು. ನಾನು ಪ್ರೀತಿಯಿಂದ ಮಾಡಿದ ಎರಡು ಕೆಲಸವನ್ನೂ ನೀನೇ ಹುಡುಕಿಕೊಂಡು ಹೋಗಿದ್ದೀಯ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗಬಹುದು, ಸಮಾಧಾನದಿಂದ ಓದು.

ಪಟ್ಟಿಯಲ್ಲಿ ಮೊದಲು ಬೂಟು, ಆಮೇಲೆ ಜಾಕೆಟ್ಟು, ಗ್ಲೌಸು. ಕೊನೆಗೆ ಒಂದು ಮೂಲೆಯಲ್ಲಿ ‘ಕನ್ನಡಕ, ಕಿವಿಗೆ ಏನಾದ್ರೂ’ ಅಂತ ಬರೆದಿದ್ದೀಯ. ಆ ಪಟ್ಟಿಯನ್ನು ತಲೆಕೆಳಗು ಮಾಡು. ಕೈ ಕುಯ್ದರೆ ಚರ್ಮ ಕೂಡುತ್ತದೆ. ಕಾಲ್ಬೆರಳು ಮುರಿದರೂ ಮೂಳೆ ಬೆಸೆದುಕೊಳ್ಳುತ್ತದೆ. ಒಳಗಿವಿಯಲ್ಲಿ ಸದ್ದು ಹಿಡಿಯುವ ಕೂದಲಿನಂಥ ಸಣ್ಣ ಕೋಶಗಳಿವೆಯಲ್ಲ, ಅವು ಒಮ್ಮೆ ಸತ್ತರೆ ಮನುಷ್ಯರಿಗೆ ಮತ್ತೆ ಹುಟ್ಟುವುದಿಲ್ಲ. ಕೈಯಲ್ಲಿರುವ ದುಡ್ಡನ್ನು ಮೊದಲು ಕಿವಿಗೆ, ಕಣ್ಣಿಗೆ ಹಾಕು. ಉಳಿದದ್ದು ಆಮೇಲೆ.

ನನ್ನ ಎಡಗಿವಿಯ ಕಥೆ ನಿನಗೆ ಅರ್ಧ ಗೊತ್ತು. ಆ ಕಡೆಯಿಂದ ಮಕ್ಕಳು ಮಾತಾಡಿದರೆ ಮಾತು ಕೇಳುತ್ತದೆ, ಅಕ್ಷರ ಬಿಡಿಸಿ ತಿಳಿಯುವುದಿಲ್ಲ. ಸ, ಶ, ತ ಎಲ್ಲ ಮಸುಕು. ರಾತ್ರಿ ಎಲ್ಲರೂ ಮಲಗಿದ ಮೇಲೆ ಕೀ ಅಂತ ಒಂದು ಸದ್ದು ಒಳಗೇ ಇರುತ್ತದೆ, ನಿಲ್ಲುವುದೇ ಇಲ್ಲ. ಬಲಗೈಯವರು ರೈಫಲ್ ಹಿಡಿದಾಗ ಎಡಗಿವಿ ನಳಿಗೆಯ ಬಾಯಿಯ ಕಡೆಗೆ ತಿರುಗಿರುತ್ತದೆ. ಬಲಗಿವಿಗೆ ತಲೆಯೇ ಅಷ್ಟಿಷ್ಟು ಮರೆ. ಹಾಗಾಗಿ ಎಡಗಡೆಯದೇ ಜಾಸ್ತಿ ಹಾಳಾಗುವುದು. ಆಗ ನಾನು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದೆ. ಹತ್ತಿ ಆ ಸದ್ದಿನ ಮುಂದೆ ಲೆಕ್ಕಕ್ಕೇ ಇಲ್ಲ, ಪುಟ್ಟಿ. ಸಣ್ಣ .22 ರೈಫಲ್ಲಿನ ಸದ್ದೇ 140 ಡೆಸಿಬೆಲ್ ಹತ್ತಿರ ಮುಟ್ಟುತ್ತದೆ. ದೊಡ್ಡ ಬಂದೂಕುಗಳದ್ದು 160, 170. ಬರಿಗಿವಿಗೆ 140 ದಾಟಿದ ಒಂದೇ ಒಂದು ಹೊಡೆತ ಸಾಕು, ಹಾನಿ ಆಗಲು.

ವರ್ಕ್‌ಶಾಪಿನ ಸದ್ದು ಬೇರೆ ಥರ. ಅದು ಒಂದೇ ಏಟಿಗೆ ಹೊಡೆಯುವುದಿಲ್ಲ, ದಿನದಿನಾ ಸವೆಸುತ್ತದೆ. 85 ಡೆಸಿಬೆಲ್ ಸದ್ದಿನಲ್ಲಿ 8 ಗಂಟೆ ಇರಬಹುದು ಅಂತ ಕೆಲಸಗಾರರ ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ ಹೇಳುತ್ತದೆ. ಅಲ್ಲಿಂದ ಮೇಲಕ್ಕೆ ಪ್ರತಿ 3 ಡೆಸಿಬೆಲ್‌ಗೆ ಹೊತ್ತು ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1. ನೂರಕ್ಕೆ ಬಂದರೆ ಬರೀ 15 ನಿಮಿಷ. ಕಬ್ಬಿಣಕ್ಕೆ ಗ್ರೈಂಡಿಂಗ್ ಮಷಿನ್ ಹಿಡಿದಾಗ ನೂರು ಮುಟ್ಟುವುದು ದೊಡ್ಡ ಮಾತಲ್ಲ.

ಈಗ ನಾನು ಹೇಳಬೇಕು ಅಂತಿರುವ ಮುಖ್ಯ ಮಾತಿಗೆ ಬರುತ್ತೇನೆ. ನಿಜವಾಗಿಯೂ 30 ಡೆಸಿಬೆಲ್ ತಗ್ಗಿಸುವ ಇಯರ್‌ಮಫ್, ಅಂದರೆ ಕಿವಿಯನ್ನು ಹೊರಗಿನಿಂದ ಪೂರ್ತಿ ಮುಚ್ಚುವ ಮೆತ್ತೆ, ನಿನ್ನ ಹತ್ತಿರ ಇದೆ ಅಂದುಕೋ. ದಿನದ 8 ಗಂಟೆಯೂ ಹಾಕಿದ್ದರೆ ಆ 30 ಪೂರ್ತಿ ನಿನಗೆ ಸಿಗುತ್ತದೆ. ಕಿವಿ ಬೆವರಿತು ಅಂತ ಆ ಸದ್ದಿನ ನಡುವೆ ಬರೀ 15 ನಿಮಿಷ ತೆಗೆದಿಟ್ಟೆ ಅಂದುಕೋ. ಇಡೀ ದಿನದ ಲೆಕ್ಕದಲ್ಲಿ ಸಿಕ್ಕ ರಕ್ಷಣೆ ಸುಮಾರು 15ಕ್ಕೆ ಇಳಿಯಿತು. ಅರ್ಧ ದಿನ ತೆಗೆದಿಟ್ಟರೆ ಉಳಿಯುವುದು 3 ಮಾತ್ರ. ಈ ಲೆಕ್ಕ ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಅಂತ ಎಷ್ಟೋ ಸಲ ಅನಿಸಿದೆ. ಎಲ್ಲಕ್ಕಿಂತ ಗಟ್ಟಿ ಮಫ್ ತಂದು ಅದು ಒತ್ತುತ್ತದೆ ಅಂತ ಕುತ್ತಿಗೆಗೆ ನೇತುಹಾಕಿಕೊಂಡವಳಿಗಿಂತ, 20 ತಗ್ಗಿಸುವ ಹಗುರ ಮಫ್ಫನ್ನು ಬೆಳಗಿನಿಂದ ಸಂಜೆವರೆಗೂ ತೆಗೆಯದವಳ ಕಿವಿ ಚೆನ್ನಾಗಿ ಉಳಿಯುತ್ತದೆ. ಅದಕ್ಕೇ ‘ಗಟ್ಟಿಯದ್ದು ಯಾವುದು’ ಅಂತ ಮಾತ್ರ ಕೇಳಬೇಡ. ‘ಇಡೀ ದಿನ ಹಾಕಿಕೊಂಡಿರಬಹುದಾ’ ಅಂತ ಕೇಳು. ಆರಾಮ ಅನ್ನುವುದು ಇಲ್ಲಿ ಷೋಕಿಯಲ್ಲ.

ಡಬ್ಬಿಯ ಮೇಲೆ ಬರೆದ ಸಂಖ್ಯೆಯನ್ನೂ ಹಾಗೇ ನಂಬಬೇಡ. ಅದು ಲ್ಯಾಬಿನಲ್ಲಿ ಸರಿಯಾಗಿ ಹಾಕಿ ಅಳೆದದ್ದು. ಎಷ್ಟು ಸದ್ದು ತಗ್ಗಿಸುತ್ತದೆ ಅಂತ ಹೇಳುವ ಅಮೆರಿಕದ ಎನ್‌ಆರ್‌ಆರ್ ಸಂಖ್ಯೆ ಇದ್ದರೆ ಅದರಿಂದ 7 ಕಳೆದು, ಉಳಿದದ್ದನ್ನು ಅರ್ಧ ಮಾಡು. 30 ಅಂತ ಬರೆದಿದ್ದರೆ ಸುಮಾರು 11 ಅಂತ ತಿಳಿದುಕೊಂಡು ಕೆಲಸ ಮಾಡಿದರೆ ಕ್ಷೇಮ. ರೇಂಜಿನಲ್ಲಿ ಒಳಗೆ ಫೋಮ್ ಪ್ಲಗ್ಗು, ಮೇಲೆ ಮಫ್ಫು, ಎರಡೂ ಹಾಕು. ಎರಡರ ಸಂಖ್ಯೆಯನ್ನು ಕೂಡಿಸಿದಷ್ಟು ಸಿಗುವುದಿಲ್ಲ. ಜಾಸ್ತಿ ತಡೆಯುವುದರ ಮೇಲೆ ಇನ್ನೊಂದು 5 ಡೆಸಿಬೆಲ್ ಸೇರುತ್ತದೆ, ಅಷ್ಟೇ. ಆ ಐದೂ ಬೇಕು.

ಫೋಮ್ ಪ್ಲಗ್ ಹಾಕುವುದನ್ನು ಕನ್ನಡಿ ಮುಂದೆ ನಿಂತು ಕಲಿ. ಬೆರಳಲ್ಲಿ ಹೊಸೆದು ಬತ್ತಿಯಷ್ಟು ಸಣ್ಣಗೆ ಮಾಡು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆ. ಆಗ ಒಳದಾರಿ ನೆಟ್ಟಗಾಗುತ್ತದೆ. ಒಳಗೆ ಇಟ್ಟು, ಅದು ಉಬ್ಬುವವರೆಗೆ ಬೆರಳಿನಿಂದ ಹಿಡಿದಿರು. ಹೊರಗೆ ಅರ್ಧ ಇಣುಕುತ್ತಿದ್ದರೆ ತೆಗೆದು ಮತ್ತೆ ಹಾಕು. ಹೊಸೆಯುವ ಮೊದಲು ಕೈ ತೊಳೆದುಕೋ.

ಮಾತು ಕೇಳುವುದಿಲ್ಲ ಅಂತ ಮಫ್ ತೆಗೆಯುವವರು ಬಹಳ. ಅವರಿಗೆ ಎಲೆಕ್ಟ್ರಾನಿಕ್ ಮಫ್ ಒಳ್ಳೆಯದು. ಮೈಕಿನಿಂದ ಮಾತನ್ನು ಒಳಗೆ ಬಿಡುತ್ತದೆ, ಜೋರು ಸದ್ದು ಬಂದ ಕೂಡಲೇ ಕತ್ತರಿಸುತ್ತದೆ. ರೇಂಜಿನಲ್ಲಿ ‘ನಿಲ್ಲಿಸಿ’ ಅಂದದ್ದು ಕೇಳಿಸಲೇಬೇಕು, ಅಲ್ವಾ? ದುಡ್ಡು ಜಾಸ್ತಿ ಆದರೂ ಇದೊಂದನ್ನು ತೆಗೆದುಕೋ ಅಂತ ನನ್ನ ಸಲಹೆ.

ಇನ್ನು ಕಣ್ಣು. ಒಮ್ಮೆ ಕನ್ನಡಕಕ್ಕೆ ಆವಿ ಹಿಡಿಯಿತು ಅಂತ ಹಣೆಗೆ ಏರಿಸಿ, ಇನ್ನು ಎರಡೇ ಎರಡು ಸಲ ಉಜ್ಜಿದರೆ ಮುಗಿಯಿತು ಅಂತ ಗ್ರೈಂಡಿಂಗ್ ಮಾಡಿದೆ. ಕಬ್ಬಿಣದ ಚೂರೊಂದು ಕಣ್ಣಿನ ಕರಿಗುಡ್ಡೆಯ ಮೇಲೆ ಕೂತಿತು. ಸಂಜೆ ಡಾಕ್ಟರು ತೆಗೆದರು. ಅಷ್ಟರಲ್ಲೇ ಸುತ್ತ ತುಕ್ಕಿನ ಉಂಗುರ ಕಟ್ಟಿತ್ತು, ಅದನ್ನೂ ಕೆರೆಯಬೇಕಾಯಿತು. ಆ ನೋವು ನಿನಗೆ ಬೇಡ. ನೋಡು, ಅವತ್ತು ಗಾಜು ದುರ್ಬಲವಾಗಿರಲಿಲ್ಲ. ಆವಿ ಹಿಡಿದದ್ದೇ ಕಾರಣ.

ಹಾಗಾಗಿ ಆವಿ ಹಿಡಿಯದ ಲೇಪ ಇರುವುದನ್ನು, ಪಕ್ಕಗಳು ಮುಚ್ಚಿರುವುದನ್ನು, ಹುಬ್ಬಿನ ಮೇಲೆ ಸಂದಿ ಬಿಡದೆ ಕೂರುವುದನ್ನು ಆರಿಸು. ಫ್ರೇಮಿನಲ್ಲೂ ಗಾಜಿನಲ್ಲೂ ಗುರುತು ನೋಡು. ಅಮೆರಿಕದ ‘ಝಡ್ 87+’ ಗುರುತು ಇದ್ದರೆ ಕಾಲಿಂಚಿನ ಉಕ್ಕಿನ ಗುಂಡು ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಬಡಿದರೂ ತಡೆದಿದೆ ಅಂತ ಅರ್ಥ. ಯುರೋಪಿನ ಹಳೆಯ ಇಎನ್ 166 ಮಾನದಂಡದಲ್ಲಿ ‘ಎಫ್’ ಅಕ್ಷರ ಹೆಚ್ಚುಕಡಿಮೆ ಅದೇ ವೇಗದ್ದು. ಹೊಳೆಯುವ ಬಣ್ಣದ ಗಾಜಿದ್ದು ಈ ಗುರುತು ಇಲ್ಲದಿದ್ದರೆ ಅದು ಬಿಸಿಲಿನ ಕನ್ನಡಕ, ಅಷ್ಟೇ. ದೊಡ್ಡ ಡಿಸ್ಕಿನಲ್ಲಿ ಕೊಯ್ಯುವಾಗ ಕನ್ನಡಕದ ಮೇಲೆ ಮುಖದ ಗುರಾಣಿಯೂ ಇರಲಿ. ಕನ್ನಡಕ ತೆಗೆದು ಬರೀ ಗುರಾಣಿ ಹಾಕಬೇಡ. ಗಾಜು ಅಂದರೂ ಅದು ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್ಕಿನದು, ಪೆಟ್ಟಿಗೆ ಗಟ್ಟಿ, ಗೀರಿಗೆ ಮೆತ್ತಗೆ. ಧೂಳಿರುವಾಗ ಒಣಬಟ್ಟೆಯಲ್ಲಿ ಉಜ್ಜಬೇಡ, ನೀರಲ್ಲಿ ತೊಳೆ. ಥಿನ್ನರ್, ಅಸಿಟೋನ್ ತಾಕಿಸಲೇಬೇಡ, ಕಾಣದಂತೆ ಬಿರುಕು ಬಿಡುತ್ತದೆ.

ಒಂದು ಸಣ್ಣ ವಿಷಯ, ಜನ ಮರೆಯುವುದು. ಕನ್ನಡಕದ ಕಡ್ಡಿ ದಪ್ಪ ಇದ್ದರೆ ಮಫ್ಫಿನ ಮೆತ್ತೆ ಎದ್ದು ನಿಂತು ಸಂದಿಯಲ್ಲಿ ಸದ್ದು ನುಗ್ಗುತ್ತದೆ. ಕಿವಿಯ ಹಿಂದೆ ನೋಯುವುದೂ ಅಲ್ಲೇ. ಕಡ್ಡಿ ತೆಳ್ಳಗೆ, ಚಪ್ಪಟೆ ಇರಲಿ. ಎರಡನ್ನೂ ಒಟ್ಟಿಗೆ ಹಾಕಿ ನೋಡಿಯೇ ಕೊಳ್ಳು.

ಗ್ಲೌಸಿನ ವಿಷಯದಲ್ಲಿ ನಿನ್ನದು ಸಣ್ಣ ಕೈ, ಗಂಡಸರ ಅಳತೆಯದ್ದು ಯಾರೋ ಕೊಟ್ಟರು ಅಂತ ಹಾಕಬೇಡ. ಬೆರಳ ತುದಿಯಲ್ಲಿ ಖಾಲಿ ಜಾಗ ಉಳಿದರೆ ಹಿಡಿತ ತಪ್ಪುತ್ತದೆ, ಮಡಿಕೆ ಬಿದ್ದಲ್ಲಿ ಬೊಬ್ಬೆ ಏಳುತ್ತದೆ. ಹೆಬ್ಬೆರಳು ಬಿಟ್ಟು ಅಂಗೈ ಸುತ್ತ ಟೇಪು ಸುತ್ತಿ ಅಳೆ. ಸುಮಾರು 18 ಸೆಂಟಿಮೀಟರ್ ಬಂದರೆ 7ನೇ ಸೈಜು, 20 ಬಂದರೆ 8. ಗ್ಲೌಸಿನ ಮೇಲಿನ ಸುತ್ತಿಗೆ ಚಿತ್ರದ ಕೆಳಗೆ ನಾಲ್ಕು ಅಂಕಿ, ಒಂದು ಅಕ್ಷರ ಇರುತ್ತದೆ. ಮೊದಲ ಅಂಕಿ ಸವೆತ ತಡೆಯುವುದು, 4 ಅಂದರೆ ಒಳ್ಳೆಯದು. ಅಕ್ಷರ ಎ ಇಂದ ಎಫ್ ತನಕ, ಕೊಯ್ತ ತಡೆಯುವುದು. ತಗಡಿನ ಕೆಲಸಕ್ಕೆ ಆ ಅಕ್ಷರವೇ ಮುಖ್ಯ. ಭಾರ ಎತ್ತಲು ಆಡಿನ ಚರ್ಮದ್ದು ನನಗೆ ಇಷ್ಟ, ತೆಳ್ಳಗಿದ್ದೂ ಬಾಳುತ್ತದೆ. ನೆನೆದರೆ ನೆರಳಲ್ಲಿ ಒಣಗಿಸು, ಬೆಂಕಿಯ ಹತ್ತಿರ ಇಟ್ಟರೆ ಚರ್ಮ ಮರಗಟ್ಟುತ್ತದೆ. ಕೆವ್ಲಾರ್ ಅನ್ನುವ ಗಟ್ಟಿ ನೂಲಿನ ಗ್ಲೌಸಿಗಂತೂ ಬಿಸಿಲೂ ಆಗದು, ಬ್ಲೀಚೂ ಆಗದು. ಬಂದೂಕಿಗೆ ಹಾಕಿದರೆ ಟ್ರಿಗರ್ ಬೆರಳಿಗೆ ಟ್ರಿಗರಿನ ಅಂಚು ತಿಳಿಯುವಷ್ಟು ತೆಳ್ಳಗಿರಲಿ. ತಿಳಿಯದಿದ್ದರೆ ಬರಿಗೈಯೇ ಮೇಲು. ಮತ್ತೆ, ಡ್ರಿಲ್ಲಿಂಗ್ ಮಷಿನ್ನು, ಲೇತ್ ಮುಂದೆ ಗ್ಲೌಸು ಬೇಡವೇ ಬೇಡ. ಒಂದು ದಾರ ಸಿಕ್ಕಿದರೂ ತಿರುಗುವ ಮಷಿನ್ನು ಕೈಯನ್ನೇ ಎಳೆದುಕೊಳ್ಳುತ್ತದೆ. ಜಡೆಯನ್ನೂ ಒಳಗೆ ಸಿಕ್ಕಿಸು.

ಬೂಟನ್ನು ಸಂಜೆ ಹೊತ್ತು ಕೊಳ್ಳು, ಆಗ ಕಾಲು ಊದಿಕೊಂಡಿರುತ್ತದೆ. ಕೆಲಸಕ್ಕೆ ಹಾಕುವ ದಪ್ಪ ಕಾಲುಚೀಲವನ್ನೇ ಹಾಕಿ ನೋಡು. ಕುಕ್ಕರಗಾಲಲ್ಲಿ ಕೂತು ಏಳು, ಮೆಟ್ಟಿಲು ಇಳಿ. ಇಳಿಯುವಾಗ ಬೆರಳು ಬೂಟಿನ ಮುಂದಿರುವ ಗಟ್ಟಿ ಟೋಪಿಗೆ ತಾಕಿದರೆ ಚಿಕ್ಕದಾಯಿತು. ಹತ್ತುವಾಗ ಹಿಮ್ಮಡಿ ಎದ್ದರೆ ದೊಡ್ಡದಾಯಿತು. ಐಎಸ್‌ಒ 20345 ಅನ್ನುವ ಸುರಕ್ಷತೆಯ ಗುರುತಿರುವ ಬೂಟಿನ ಟೋಪಿ 200 ಜೂಲ್ ಪೆಟ್ಟು ತಡೆಯಬೇಕು. ಅಂದರೆ 20 ಕಿಲೋ ತೂಕ ಒಂದು ಮೀಟರ್ ಮೇಲಿಂದ ಬಿದ್ದಷ್ಟು. ಕಬ್ಬಿಣದ್ದಾದರೂ ಹಗುರ ಫೈಬರಿನದ್ದಾದರೂ ಆ ಪರೀಕ್ಷೆ ಒಂದೇ. ‘ಎಸ್3’ ಅಂತಿದ್ದರೆ ಮೊಳೆ ತುಳಿದರೂ ತಡೆಯುತ್ತದೆ.

ಬಾಳಿಕೆ ಬಗ್ಗೆ ಕೇಳಿದ್ದೀಯಲ್ಲ. ಅಟ್ಟೆಯನ್ನು ಹೊಲಿದ ಬೂಟಾದರೆ ಸವೆದ ಮೇಲೆ ಹೊಸ ಅಟ್ಟೆ ಹಾಕಿಸಬಹುದು. ಪಾಲಿಯುರಿಥೇನ್ ಅಟ್ಟೆಯದ್ದು ಮೆತ್ತಗೆ, ಹಗುರ. ಆದರೆ ಗಾಳಿಯ ತೇವಕ್ಕೆ ಒಳಗೊಳಗೇ ಕರಗುತ್ತದೆ. ಒಂದು ಜೊತೆಯನ್ನು ಹೊಸದಾಗೇ ಇರಲಿ ಅಂತ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದೆ. ಹಾಕಿಕೊಂಡು ನಾಲ್ಕು ಹೆಜ್ಜೆ ಇಟ್ಟಾಗ ಅಟ್ಟೆ ಪುಡಿಪುಡಿಯಾಗಿ ಉದುರಿತು. ಇಂಥದ್ದನ್ನು ತಂದರೆ ಎತ್ತಿಡಬೇಡ, ಹಾಕಿ ಸವೆಸು.

ಬಟ್ಟೆಗೆ ಹೆಚ್ಚು ಯೋಚಿಸಬೇಡ. ಕಿಡಿ ಹಾರುವಲ್ಲಿ ದಪ್ಪ ಹತ್ತಿ, ಇಲ್ಲವೇ ಉಣ್ಣೆ. ಪಾಲಿಯೆಸ್ಟರ್, ನೈಲಾನ್ ಕರಗಿ ಚರ್ಮಕ್ಕೆ ಅಂಟುತ್ತದೆ. ಪ್ಯಾಂಟಿನ ಕೆಳಗೆ ಮಡಿಕೆ ಬೇಡ, ಕಿಡಿ ಅಲ್ಲೇ ಕೂರುತ್ತದೆ. ಮಂಡಿಗೆ ಎರಡು ಪದರ, ತೊಡೆಸಂದಿಗೆ ಅಗಲದ ತೇಪೆ ಇದ್ದರೆ ಕೂತು ಏಳಲು ಸಲೀಸು, ಹೊಲಿಗೆಯೂ ಬಿಡುವುದಿಲ್ಲ.

ರೇಂಜಿನಲ್ಲಿ ಕಾಲರ್ ಮುಚ್ಚಿರಲಿ, ಮುಂದೆ ಅಂಚಿರುವ ಟೋಪಿ ಇರಲಿ. ಹಾರುವ ಖಾಲಿ ತೋಟಾ ಸುಡುತ್ತಿರುತ್ತದೆ, ಕನ್ನಡಕದ ಹಿಂದೆಯೂ ಬೀಳುತ್ತದೆ, ಕುತ್ತಿಗೆಯೊಳಗೂ ಜಾರುತ್ತದೆ. ಬಿದ್ದರೆ ಕುಣಿಯಬೇಡ, ತಿರುಗಬೇಡ. ಬಂದೂಕಿನ ಬಾಯಿ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರಿನಿಂದ ಹೊರಗೆ ಬರಲಿ. ಬಂದೂಕು ಕೆಳಗಿಟ್ಟ ಮೇಲೆ ಕುತ್ತಿಗೆ ನೋಡಿಕೋ. ಚರ್ಮ ಸುಟ್ಟರೆ ವಾಸಿಯಾಗುತ್ತದೆ. ಪಕ್ಕದವರಿಗೆ ಗುಂಡು ತಾಗಿದರೆ ಏನು ಹೇಳಲಿ?

ತೋಟಾದ ಹೊಗೆಯಲ್ಲಿ ಸೀಸ ಇರುತ್ತದೆ. ಮುಗಿದ ಮೇಲೆ ತಣ್ಣೀರಲ್ಲಿ ಸೋಪು ಹಾಕಿ ಕೈ, ಮುಖ ತೊಳೆಯದೆ ಏನೂ ತಿನ್ನಬೇಡ. ಆ ಬಟ್ಟೆಯನ್ನು ಬೇರೆಯಾಗಿ ಒಗೆ. ಬೂಟು ಬಾಗಿಲ ಹೊರಗೇ ಇರಲಿ.

ಮುಂದಿನ ಪತ್ರದಲ್ಲಿ ಅಂಗೈ ಸುತ್ತಳತೆ, ಸಂಜೆ ಅಳೆದ ಪಾದದ ಉದ್ದ ಅಗಲ ಬರೆದು ಕಳಿಸು. ಎರಡು ಪಾದವನ್ನೂ ಅಳೆ, ಎರಡೂ ಸಮ ಇರುವುದಿಲ್ಲ. ಕನ್ನಡಕ, ಮಫ್ಫು ಎರಡನ್ನೂ ಹಾಕಿಕೊಂಡು ಮನೆಯಲ್ಲಿ ಎರಡು ಗಂಟೆ ಬೇರೆ ಕೆಲಸ ಮಾಡಿ ನೋಡು. ಎಲ್ಲಿ ಒತ್ತಿತು, ಎಷ್ಟು ಹೊತ್ತಿಗೆ ತೆಗೆಯಬೇಕು ಅನಿಸಿತು, ಅದನ್ನೂ ಬರೆ. ಆಮೇಲೆ ಯಾವುದು ಕೊಳ್ಳುವುದು ಅಂತ ಇಬ್ಬರೂ ಕೂತು ನೋಡೋಣ.

ಇತಿ ನಿನ್ನ ಪ್ರೀತಿಯ
ದೊಡ್ಡಪ್ಪ